ಕಪ್ಪು ಜೋಡಿಗೆರೆ

ಹೊಳೆಗೆ ನೀಲಿ, ಒಂದೇ ಎಳೆ.
ಕೈ ತುಸು ನಡುಗಿದ ಹಾಗೆ ಬರೆಯಬೇಕು, ಹೊಳೆ ನೇರ ಹೋಗುವುದಿಲ್ಲ.
ಚರಂಡಿಗೆ ಕಪ್ಪು, ಜೋಡಿಗೆರೆ, ಸ್ಕೇಲು ಹಿಡಿದು.
ಸರ್ವೆ ಆಫೀಸಿಗೆ ನಾನು ಟ್ರೇಸರ್ ಆಗಿ ಸೇರಿದ ವಾರ
ಗುರುಸಿದ್ದಯ್ಯನವರು ಹೇಳಿಕೊಟ್ಟದ್ದು ಇಷ್ಟೆ.
ಇನ್ನೊಂದು: ಹಾಳೆ ಮುಗಿಯುವಲ್ಲಿ ಗೆರೆ ಮುಗಿಯಬಾರದು,
ಪಕ್ಕದ ಹಾಳೆಯ ಗೆರೆಗೆ ಬಂದು ಕೂಡಬೇಕು.
ಕೂಡದಿದ್ದರೆ ಬ್ಲೇಡು ಕೊಡುತ್ತಿದ್ದರು,
ಮಾತಾಡದೆ.

ಹಳೆಯ ಹಾಳೆಯಲ್ಲಿ ವೃಷಭಾವತಿ ನೀಲಿಯಿದ್ದಳು.
ಬಸವನಗುಡಿಯ ಬಂಡೆಯ ಬುಡದಲ್ಲೊಂದು ಚುಕ್ಕೆ.
ಕಲ್ಲಬಸವನ ಕಾಲಡಿ ಹುಟ್ಟಿದಳೆನ್ನುತ್ತಾರೆ, ನಾನು ಕಂಡಿಲ್ಲ;
ನನ್ನ ಕಾಲಕ್ಕೆ ಅಲ್ಲಿದ್ದದ್ದು ಕಡಲೆಕಾಯಿ ಸಿಪ್ಪೆ.

ಈ ಊರಿನ ನೀರಿಗೆ ಬೆಟ್ಟವಿಲ್ಲ, ದಿಣ್ಣೆ ಇದೆ.
ದಿಣ್ಣೆಯ ನೆತ್ತಿಯಲ್ಲಿ ಕೊಡ ಬಗ್ಗಿಸಿದರೆ
ಅರ್ಧ ಪಿನಾಕಿನಿಗೆ, ಅರ್ಧ ಕಾವೇರಿಗೆ.
ಪಡುವಣಕ್ಕೆ ಜಾರಿದ ಪಾಲು ಇವಳು:
ಗಾಳಿ ಆಂಜನೇಯನ ಮಗ್ಗುಲು, ನಾಯಂಡಹಳ್ಳಿ, ಕೆಂಗೇರಿ,
ಬಿಡದಿಯ ಹೊಲಗಳು, ಬೈರಮಂಗಲದ ಕೆರೆ,
ಆಮೇಲೆ ಅರ್ಕಾವತಿ,
ಆಮೇಲೆ ಸಂಗಮದ ಮರಳು.

ಒಂದು ಶನಿವಾರ ಚೀಟಿ ಬಂತು:
ಕೆಂಗೇರಿವರೆಗೆ ರಾಜಕಾಲುವೆ ಎಂದು ತಿದ್ದಿ.
ಕಾರಣ ಬರೆದಿರಲಿಲ್ಲ. ನಾನೂ ಕೇಳಲಿಲ್ಲ,
ಕಾಯಂ ಆಗಿ ಎರಡೇ ತಿಂಗಳು.
ನೀಲಿಯನ್ನು ಬ್ಲೇಡಿನಿಂದ ಕೆರೆದೆ. ಪುಡಿ ಊದಿದೆ.
ನೇರವಿಲ್ಲದ್ದನ್ನು ನೇರ ಮಾಡಿದೆ.

ಅದೇ ಮಧ್ಯಾಹ್ನ ಕಟಕಟೆಗೆ ಬಂದವನು
ನಾಯಂಡಹಳ್ಳಿಯ ಮಡಿವಾಳರ ದೊಡ್ಡಮುನಿಯಪ್ಪ.
ಮೂರು ಆಫೀಸು ಸುತ್ತಿ, ನಾಲ್ಕನೆಯದು ನಮ್ಮದು.
‘ಬಿಳೀ ಪಂಚೆ ಅದ್ದಿದ್ರೆ ಸೋಮವಾರ ಗುಲಾಬಿ,
ಗುರುವಾರ ನೇರಳೆ ತಾಯಿ.
ಯಾರ ಮನೇಗೆ ಅಂತ ಕೊಡ್ಲಿ?
ನಕ್ಷೇಲಿ ಹೊಳೆ ಎಲ್ಲಿದೆ ತೋರ್ಸಿ,
ಮೇಲ್ಗಡೆ ಯಾವ ಕಾರ್ಖಾನೆ ಅಂತ ನೋಡಾನ.’

ಹಾಳೆ ಅವನತ್ತ ತಿರುಗಿಸಿದೆ.
ಅವನು ತೋರುಬೆರಳಿಟ್ಟ. ಶಾಯಿ ಹಸಿ ಇತ್ತು.
ಬೆರಳು ಕಪ್ಪಾಯಿತು.
‘ಪರವಾಗಿಲ್ಲ ಬಿಡಿ, ತೊಳ್ಕೊತೀನಿ’ ಅಂದ.

ನಿವೃತ್ತಿಯಾಗಿ ಉಪನಗರದಲ್ಲಿ ಮನೆ ಕಟ್ಟಿದೆ.
ಬಸ್ಸಿನಲ್ಲಿ ನಾಯಂಡಹಳ್ಳಿ ಬಂತೆಂದು ಕಂಡಕ್ಟರ್ ಕೂಗುವುದಿಲ್ಲ,
ಕಿಟಕಿಗಳು ಒಂದೊಂದಾಗಿ ಮುಚ್ಚಿಕೊಳ್ಳುತ್ತವೆ.
ಮುಂಗಾರಿನಲ್ಲಿ ನೊರೆ ಸೇತುವೆ ಹತ್ತುತ್ತದೆ,
ಮಗುವೊಂದು ಅಮ್ಮಾ ಮೋಡ ಎನ್ನುತ್ತದೆ.

ಮಳೆಹೊಳೆಯಾಗಿದ್ದಾಗ ಬೇಸಿಗೆಗೆ ಸೊರಗುತ್ತಿದ್ದಳಂತೆ.
ಈಗ ಸೊರಗುವ ಮಾತಿಲ್ಲ.
ಕಾವೇರಿಯನ್ನು ಪಂಪು ಹಚ್ಚಿ ದಿಣ್ಣೆಗೆ ಹತ್ತಿಸಿ
ಲಕ್ಷ ಬಚ್ಚಲು, ಲಕ್ಷ ಪಾಯಿಖಾನೆ ಹೊಗಿಸಿ
ಪಡುವಣಕ್ಕೆ ಬಿಡುತ್ತೇವೆ. ಮುಕ್ಕಾಲು ಪಾಲು
ಅವಳೇ ಇವಳು, ವಾಪಸು ಹೊರಟವಳು.

ಬುಧವಾರ ಬುಧವಾರ ಸೊಪ್ಪು ತರುತ್ತಾಳೆ
ಬೈರಮಂಗಲದ ಕಡೆಯ ಹೊಂಬಾಳಮ್ಮ.
ದಂಟು, ಅರಿವೆ, ಕೀರೆ. ಎಷ್ಟು ಹಸಿರೆಂದರೆ
ನಂಬಲಾಗದಷ್ಟು.
‘ಯಾವ ನೀರಲ್ಲಿ ಬೆಳೀತೀಯಮ್ಮ?’
‘ನಿಮ್ದೇ ಕಣಕ್ಕ’ ಅಂದಳು,
ಚಿಲ್ಲರೆ ಎಣಿಸುತ್ತಾ.
ಅವಳ ಮೊಣಕಾಲಿಂದ ಕೆಳಗೆ ಚರ್ಮ ಬಿರುಕು ಬಿಟ್ಟಿತ್ತು,
ಒಣಗಿದ ಕೆರೆಯಂಗಳದ ಹಾಗೆ
ಎಂದು ಬರೆಯಲಿದ್ದೆ. ಅವಳೂರಿನ ಕೆರೆ ಒಣಗುವುದೇ ಇಲ್ಲ.

ಬಿಡದಿಯ ಹಾಳೆಯನ್ನು ತಿದ್ದಿ ಎಂದು ಯಾರೂ ಹೇಳಿರಲಿಲ್ಲ.
ಎರಡನ್ನೂ ಮೇಜಿನ ಮೇಲೆ ಜೋಡಿಸಿದರೆ
ಕೆಂಗೇರಿಯಾಚೆ, ಹಾಳೆಯಂಚಿನಲ್ಲಿ,
ಕಪ್ಪು ಜೋಡಿಗೆರೆ ಫಕ್ಕನೆ ನೀಲಿಯಾಗಿಬಿಡುತ್ತದೆ,
ಒಂದು ಕೂದಲೆಳೆಯ ಅಂತರದಲ್ಲಿ
ಎಲ್ಲ ಶುದ್ಧವಾದಂತೆ.
ಗುರುಸಿದ್ದಯ್ಯನವರು ಅದನ್ನು ನೋಡಿದರು.
ಬ್ಲೇಡು ಕೊಡಲಿಲ್ಲ.

ಎರಡು ಕಟ್ಟು ದಂಟು ಕೊಂಡೆ.
ನಲ್ಲಿ ತಿರುಗಿಸಿ ಮೂರು ಸಲ ತೊಳೆದೆ,
ಮತ್ತೆ ಉಪ್ಪುನೀರಲ್ಲಿ.
ತೊಳೆದ ನೀರು ಸಿಂಕಿನಲ್ಲಿ ಒಂದು ಸುತ್ತು ಸುತ್ತಿ
ಗೊಟಕ್ಕೆಂದು ಇಳಿದು
ಹೊಂಬಾಳಮ್ಮನಿಗಿಂತ ಮೊದಲೇ ಹೊರಟಿತು
ಅವಳ ಊರಿಗೆ.